ಪ್ರಗತಿಪರ ಟಾಕ್ ರೇಡಿಯೋಗೆ ಕೇಳುವವರು ಇದ್ದೂ ದುಡ್ಡು ಯಾಕೆ ಹುಟ್ಟುದಿಲ್ಲ?

ಅಂಬಲಪಾಡಿ_ಆಡಿಯೋ

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ ಉತ್ತರ ಹಾಕಿ.

ನಾವು ಮೂರು ಜನ ಸೇರಿ ಉಡುಪಿಯಿಂದ ವಾರಕ್ಕೊಂದು ಟಾಕ್ ಶೋ ಮಾಡ್ತಾ ಇದ್ದೇವೆ, ಆನ್‌ಲೈನ್ ಆಡಿಯೋ, ಒಂದು ಗಂಟೆ, ಕನ್ನಡ, ಮಧ್ಯೆ ಮಧ್ಯೆ ತುಳು. ಶುರು ಮಾಡಿ ಹನ್ನೊಂದು ತಿಂಗಳಾಯ್ತು. ವಿಷಯ ಎಲ್ಲ ಇಲ್ಲಿಯದ್ದೇ. ಮಲ್ಪೆ ಬಂದರಲ್ಲಿ ಮೀನು ವಿಂಗಡಿಸುವ ಹೆಂಗಸರಿಗೆ ದಿನಕ್ಕೆ ಎಷ್ಟು ಸಿಗ್ತದೆ, ಬೀಡಿ ಕಟ್ಟುವವರ ಪಿಎಫ್ ಎಲ್ಲಿ ಸಿಕ್ಕಿಬೀಳ್ತದೆ, ಲೇಡೀಸ್ ಹಾಸ್ಟೆಲಿನ ಗೇಟ್ ಮಾತ್ರ ಯಾಕೆ ಬೇಗ ಹಾಕುದು, ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಒಂದೇ ಸೀಟಲ್ಲಿ ಕೂತ್ರೆ ಯಾರಿಗೆ ಎಂತ ತೊಂದರೆ, ಇಂಥದ್ದು. ರೆಕಾರ್ಡಿಂಗ್ ನನ್ನ ರೂಮಲ್ಲೇ. ಹೈವೇ ಶಬ್ದ ಬರ್ತದೆ ಅಂತ ಕಿಟಕಿಗೆ ಹಾಸಿಗೆ ಒರಗಿಸಿ, ಫ್ಯಾನ್ ಆಫ್ ಮಾಡಿ, ಫ್ರಿಜ್ ಪ್ಲಗ್ ತೆಗ್ದು ಕೂತ್ಕೊಳ್ಳುದು, ಏಪ್ರಿಲಲ್ಲಿ ಒಂದು ಗಂಟೆ ಮುಗಿಯುವಾಗ ಅಂಗಿ ಹಿಂಡಿದ್ರೆ ನೀರು ಬರ್ತಿತ್ತು.

ಒಂದು ಎಪಿಸೋಡಿಗೆ ನಾಲ್ಕು ಸಾವಿರದ ಹತ್ತಿರ ಕೇಳುವವರು ಇದ್ದಾರೆ, ನಮ್ಮ ಊರಿನ ಲೆಕ್ಕಕ್ಕೆ ಅದು ಸಣ್ಣದಲ್ಲ. ತಿಂಗಳ ಖರ್ಚು ಎಲ್ಲ ಸೇರಿ ಏಳು ಸಾವಿರ. ಅದನ್ನಾದ್ರೂ ಹುಟ್ಟಿಸುವ ಅಂತ ಇಪ್ಪತ್ತಮೂರು ಅಂಗಡಿಗೆ ಹೋದೆವು. ಒಂದು ಬೇಕರಿಯವರು ಎರಡು ತಿಂಗಳು ಕೊಟ್ರು, ಹಾಸ್ಟೆಲ್ ಎಪಿಸೋಡ್ ಆದ ಮೇಲೆ ಅವರೂ ನಿಲ್ಲಿಸಿದ್ರು. ಬೈಲಿಲ್ಲ, ಜಗಳ ಮಾಡ್ಲಿಲ್ಲ, ಚಾ ಕುಡಿಸಿ "ಈಗ ಬೇಡ ಮಗಾ" ಅಂತ ಹೇಳಿ ಕಳಿಸಿದ್ರು. ಅದಕ್ಕೇ ಹೆಚ್ಚು ಬೇಜಾರಾಯ್ತು.

ಈಗ ಪ್ರಶ್ನೆ. ಅಮೆರಿಕದಲ್ಲಿ ಏರ್ ಅಮೆರಿಕಾ ಅಂತ ಪ್ರಗತಿಪರರ ಒಂದು ಟಾಕ್ ರೇಡಿಯೋ ನೆಟ್‌ವರ್ಕೇ ಇತ್ತಲ್ಲ. 2004 ಮಾರ್ಚ್ 31ಕ್ಕೆ ಶುರುವಾದದ್ದು, ಟೀವಿ ಕಾಮಿಡಿಯ ಆಲ್ ಫ್ರಾಂಕೆನ್ ಅಂಥ ದೊಡ್ಡ ಹೆಸರಿನವರು ಮೈಕ್ ಮುಂದೆ, ಆದ್ರೂ ಎರಡೂವರೆ ವರ್ಷದಲ್ಲಿ, 2006 ಅಕ್ಟೋಬರಲ್ಲಿ, ದಿವಾಳಿ ಅರ್ಜಿ ಹಾಕಿದ್ರು, 2010 ಜನವರಿಗೆ ಪೂರ್ತಿ ಬಂದ್. ಅದೇ ದೇಶದಲ್ಲಿ ಅದೇ ರೇಡಿಯೋದಲ್ಲಿ ಬಲಪಂಥದ ಟಾಕ್ ಶೋ ಹೋಸ್ಟ್ ರಶ್ ಲಿಂಬಾಗೆ 2008ರಲ್ಲಿ ಎಂಟು ವರ್ಷಕ್ಕೆ 40 ಕೋಟಿ ಡಾಲರಿನ ಕಾಂಟ್ರಾಕ್ಟ್. ಅಷ್ಟು ದುಡ್ಡು, ಅಷ್ಟು ಜನ, ವಾಕ್‌ಸ್ವಾತಂತ್ರ್ಯ ಎಲ್ಲ ಇರುವಲ್ಲೇ ಒಂದು ಕಡೆಯವರ ಮಾತಿಗೆ ಮಾರ್ಕೆಟ್ ಉಂಟು, ಇನ್ನೊಂದು ಕಡೆಯವರ ಮಾತಿಗೆ ಇಲ್ಲ ಅಂದ್ರೆ ಕಾರಣ ಎಂತ? ನಮ್ಮ ಮಾತೇ ಬೋರಾ? ಜನರಿಗೇ ಬೇಡ್ವಾ? ಅಲ್ಲ ಬೇರೆ ಎಂತಾದ್ರೂ ಉಂಟಾ? ರೇಡಿಯೋ, ಪೇಪರ್, ಜಾಹೀರಾತು ಲೈನಲ್ಲಿ ಇದ್ದವರು ಹೇಳಿ. ನಿಲ್ಲಿಸುದಾ ಮುಂದುವರಿಸುದಾ ಅಂತ ಈ ತಿಂಗಳೊಳಗೆ ನಾವು ತೀರ್ಮಾನ ಮಾಡ್ಬೇಕು.


ಹಂಪನಕಟ್ಟೆ_ಅಕ್ಕ

ನಾನು ಮಂಗಳೂರಲ್ಲಿ ಒಂದು ಪ್ರೈವೇಟ್ ಎಫ್‌ಎಂನ ಸೇಲ್ಸಲ್ಲಿ ಒಂಬತ್ತು ವರ್ಷ ಇದ್ದೆ. ಯಾವುದು ಅಂತ ಹೇಳುದಿಲ್ಲ. ನಿಮ್ಮ ಬೇಕರಿ ಕಥೆ ಓದಿ ನನಗೆ ಒಂದು ಸೀರೆ ಅಂಗಡಿ ನೆನಪಾಯ್ತು.

ನಮ್ಮಲ್ಲಿ ಸಂಜೆ ಶೋ ಒಂದಿತ್ತು. ಒಂದು ವಾರ ಆರ್‌ಜೆ ಸಿನಿಮಾ ಮಾತು ಬಿಟ್ಟು ಸಿಟಿ ಬಸ್ಸಲ್ಲಿ ಹೆಂಗಸರಿಗೆ ಆಗುವ ಕಿರಿಕಿರಿ ಬಗ್ಗೆ ಫೋನ್ ತೆಗೊಂಡ್ಳು. ಸುರತ್ಕಲ್, ತೊಕ್ಕೊಟ್ಟು, ಬಿಸಿ ರೋಡ್, ಎಲ್ಲಿಂದೆಲ್ಲ ಕಾಲ್ ಅಂದ್ರೆ ಲೈನ್ ಕಟ್ ಮಾಡಿದ ಕೂಡ್ಲೆ ಮತ್ತೆ ರಿಂಗ್, ಕಾಲ್ ತೆಗೆಯುವ ಹುಡುಗ ಊಟ ಬಿಟ್ಟು ಕೂತಿದ್ದ. ನಾನು ಖುಷಿಯಲ್ಲಿದ್ದೆ, ಇಷ್ಟು ಜನ ಕೇಳ್ತಾರೆ ಅಂದ್ರೆ ರೇಟ್ ಏರಿಸ್ಲಿಕ್ಕೆ ಆಗ್ತದೆ ಅಂತ. ಮೂರನೇ ದಿನ ಸೀರೆ ಅಂಗಡಿಯವರು ಫೋನ್ ಮಾಡಿದ್ರು, "ನನ್ನ ಜಾಹೀರಾತು ಸ್ಪಾಟ್ ಬೆಳಗ್ಗಿನ ಹಾಡಿಗೆ ಹಾಕಿ, ಅದರ ಮಧ್ಯ ಬೇಡ." ಪ್ರೋಗ್ರಾಂ ಸರಿ ಇಲ್ವಾ ಅಂತ ಕೇಳಿದೆ. ಒಳ್ಳೇದುಂಟು, ಮನೆಯಲ್ಲಿ ಹೆಂಡತಿ ದಿನಾ ಕೇಳ್ತಾಳೆ ಅಂದ್ರು. "ಆದ್ರೆ ಬಸ್ಸಿನವರೂ ನನ್ನ ಗಿರಾಕಿಯೇ ಅಲ್ವಾ ಅಕ್ಕ" ಅಂದ್ರು. ಒಂದು ಆರ್‌ಓ, ಅಂದ್ರೆ ಜಾಹೀರಾತಿನ ಆರ್ಡರ್, ಆಚೆ ಹೋಯ್ತು, ಅದರ ಹಿಂದೆ ಇನ್ನೆರಡು, ಮರುವಾರದಿಂದ ಶೋ ಮತ್ತೆ ಸಿನಿಮಾ ಹಾಡಿಗೆ ಬಂತು. ಯಾರೂ ಮೇಲಿಂದ ಬಾಯಿ ಮುಚ್ಚಿಸ್ಲಿಲ್ಲ. ಆ ಒಂದು ಗಂಟೆಗೆ ಬುಕಿಂಗ್ ಇಲ್ಲ, ಅಷ್ಟೇ.

ಇದನ್ನೇ ದೊಡ್ಡದು ಮಾಡಿ ನೋಡಿದ್ರೆ ಅಮೆರಿಕದ್ದು. 2006 ಅಕ್ಟೋಬರಲ್ಲಿ ಎಬಿಸಿ ರೇಡಿಯೋ ನೆಟ್‌ವರ್ಕಿನ ಒಂದು ಒಳಗಿನ ಮೆಮೊ ಹೊರಗೆ ಬಂತು, ಅದರಲ್ಲಿ 90ರಷ್ಟು ಜಾಹೀರಾತುದಾರರ ಪಟ್ಟಿ, ಎಲ್ಲ ದೊಡ್ಡ ದೊಡ್ಡ ಕಂಪನಿ, ಏರ್ ಅಮೆರಿಕಾ ಕಾರ್ಯಕ್ರಮದ ಮಧ್ಯೆ ನಮ್ಮ ಸ್ಪಾಟ್ ಹೋಗ್ಬಾರ್ದು ಅಂತ ಹೇಳಿದವರು. ಲೋಕಲ್ ಸ್ಟೇಷನಿನ ಸೇಲ್ಸ್‌ನವ ಎಷ್ಟು ಓಡಾಡಿದ್ರೂ ನ್ಯಾಷನಲ್ ದುಡ್ಡು ಮೊದಲೇ ಬಾಗಿಲು ಹಾಕಿದ ಹಾಗಾಯ್ತು.

ಹಾಗಾದ್ರೆ ಬಲಪಂಥದವರಿಗೆ ಯಾರು ಕೊಡ್ತಾರೆ ಅಂತ ನೀವು ಕೇಳ್ತೀರಿ. ಅಲ್ಲಿ ಹೆಚ್ಚಾಗಿ ಬರುದು ಫೋನ್ ನಂಬರ್ ಕೊಟ್ಟು ನೇರ ಮಾಲು ಮಾರುವವರು, ಚಿನ್ನದ ನಾಣ್ಯ, ಹಾಸಿಗೆ, ಅಂಥದ್ದು. ಜಾಹೀರಾತನ್ನು ಹೋಸ್ಟೇ ತನ್ನ ಬಾಯಲ್ಲಿ ಹೇಳ್ತಾನೆ, ಕೇಳುವವ ಅವನನ್ನು ನಂಬ್ತಾನೆ, ಫೋನ್ ಮಾಡ್ತಾನೆ, ಕಂಪನಿಗೆ ಮರುದಿನವೇ ಲೆಕ್ಕ ಸಿಗ್ತದೆ. ಪ್ರಗತಿಪರ ಹೋಸ್ಟಿಗೆ ಇದು ಕಷ್ಟ. ಕಾರ್ಪೊರೇಟ್‌ಗಳನ್ನು ಪ್ರಶ್ನೆ ಮಾಡಿ ಮುಗಿಸಿದ ಬಾಯಲ್ಲೇ "ಈ ಹಾಸಿಗೆ ತೆಗೊಳ್ಳಿ" ಅಂತ ಹೇಳ್ಲಿಕ್ಕೆ ಅವನಿಗೂ ನಾಲಿಗೆ ಬರುದಿಲ್ಲ, ಕೇಳುವವರಿಗೂ ಇಷ್ಟ ಆಗುದಿಲ್ಲ. ಒಂಬತ್ತು ವರ್ಷ ಸ್ಪಾಟ್ ಮಾರಿದವಳಾಗಿ ಹೇಳ್ತೇನೆ, ಜಾಹೀರಾತಿಗೆ ಬೇಕಾದದ್ದು ಕೇಳುವವರ ಸಂಖ್ಯೆ ಅಲ್ಲ, ಕೊಳ್ಳುವ ಮೂಡಲ್ಲಿ ಇರುವವರು. ನಿಮ್ಮ ಎಪಿಸೋಡ್ ಕೇಳಿದವ ಬೇಕರಿಗೆ ಹೋಗುದಿಲ್ಲ, ಯೋಚನೆ ಮಾಡ್ತಾ ಮನೆಗೆ ಹೋಗ್ತಾನೆ.

ಮತ್ತೊಂದು, 2012ರಲ್ಲಿ ಲಿಂಬಾ ಒಬ್ಬಳು ಲಾ ಸ್ಟೂಡೆಂಟ್ ಬಗ್ಗೆ ಕೆಟ್ಟದಾಗಿ ಮಾತಾಡಿದಾಗ ಅವನ ಜಾಹೀರಾತುದಾರರೂ ಓಡಿದ್ರು. ಆಗ ಅವನ ಶೋ ಹಂಚುವ ಕಂಪನಿಯ ಮೆಮೊದಲ್ಲಿ 98 ಕಂಪನಿ, ಗದ್ದಲ ಆಗುವ ಟಾಕ್ ಶೋ ಹತ್ತಿರ ನಮ್ಮನ್ನು ಹಾಕ್ಬೇಡಿ ಅಂತ. ಅಂದ್ರೆ ಕೊನೆಗೆ ಭಯ ಎಡಕ್ಕೂ ಬಲಕ್ಕೂ ಒಂದೇ. ಆದ್ರೆ ಬಲದವರ ಹತ್ತಿರ ಅಷ್ಟೊತ್ತಿಗೆ ಇಪ್ಪತ್ತು ವರ್ಷದ ಗಂಟು ಇತ್ತು, ತಡ್ಕೊಂಡ್ರು.


ಪೋರ್ಟ್‌ಲ್ಯಾಂಡಿಂದ_ಪಡುಬಿದ್ರಿ

ಅಕ್ಕ ಹೇಳಿದ್ದು ಸರಿ, ಆದ್ರೆ ಅರ್ಧ. ನಾನು 2005ರಿಂದ 2013ರ ತನಕ ಅಮೆರಿಕದ ಒರೆಗಾನಲ್ಲಿದ್ದೆ, ಹಿಲ್ಸ್‌ಬೊರೋದಲ್ಲಿ ಕೆಲಸ. ಪೋರ್ಟ್‌ಲ್ಯಾಂಡಲ್ಲಿ 620 ಎಎಂ, ಕೆಪಿಓಜೆ ಅಂತ, ಏರ್ ಅಮೆರಿಕಾ ಶುರುವಾದ ದಿನದಿಂದ ಅದನ್ನು ಹಾಕ್ತಿದ್ದ ಸ್ಟೇಷನ್. ದೇಶದಲ್ಲೇ ಪ್ರಗತಿಪರ ಟಾಕ್ ಚೆನ್ನಾಗಿ ಓಡಿದ ಕಡೆ ಅಂದ್ರೆ ಅದು. ಬೆಳಿಗ್ಗೆ ಅಲ್ಲಿಯದ್ದೇ ಲೋಕಲ್ ಶೋ, ಆಮೇಲೆ ಥಾಮ್ ಹಾರ್ಟ್‌ಮನ್, ಎಡ್ ಶುಲ್ಟ್ಸ್ ಅಂತ ಪ್ರಗತಿಪರ ಹೋಸ್ಟುಗಳು, ಇವರೆಲ್ಲ.

ಚಳಿಗಾಲದಲ್ಲಿ ಬೆಳಿಗ್ಗೆ ಏಳೂವರೆಗೂ ಕತ್ತಲೆ, ಮಳೆ ಅಂದ್ರೆ ನಮ್ಮ ಆಟಿ ಮಳೆ ಹಾಗೆ ಹೊಡೆಯುದಲ್ಲ, ಸುಮ್ನೆ ದಿನವಿಡೀ ಸೋರ್ತಾ ಇರ್ತದೆ, ವೈಪರ್ ಶಬ್ದದ ಮಧ್ಯೆ ಆ ಎಎಂ ಗರಗರ. ಊರು ಬಿಟ್ಟು ಹೋದವನಿಗೆ ಆ ದೇಶದ ಕೂಲಿ, ಆಸ್ಪತ್ರೆ ಬಿಲ್ಲು, ಯೂನಿಯನ್ ಬಗ್ಗೆ ಮೊದಲು ಗೊತ್ತಾದದ್ದೇ ಆ ರೇಡಿಯೋದಿಂದ. ಒಬ್ಬ ಟ್ರಕ್ ಡ್ರೈವರ್ ಕಾಲ್ ಮಾಡಿ ಹೆಂಡತಿಯ ಕ್ಯಾನ್ಸರ್ ಔಷಧಕ್ಕೆ ಮನೆ ಮಾರಿದ್ದು ಹೇಳಿದ ದಿನ ನಾನು ಆಫೀಸಿನ ಪಾರ್ಕಿಂಗಲ್ಲಿ ಹತ್ತು ನಿಮಿಷ ಕಾರಿಂದ ಇಳಿಲಿಲ್ಲ.

2012 ನವೆಂಬರ್, ಒಬಾಮಾ ಎರಡನೇ ಸಲ ಗೆದ್ದ ಅದೇ ವಾರ, ರೇಡಿಯೋ ಹಾಕಿದ್ರೆ ಫುಟ್‌ಬಾಲ್ ಮಾತು. ಸ್ಟೇಷನ್ ಹಾಳಾಗಿದೆಯಾ ಅಂತ ಡಯಲ್ ತಿರುಗಿಸಿದೆ. ಇಲ್ಲ, 620ಯೇ. ರಾತ್ರಿ ಬೆಳಗಾಗುದರೊಳಗೆ ಸ್ಪೋರ್ಟ್ಸ್ ಸ್ಟೇಷನ್ ಮಾಡಿದ್ರು. ಕೇಳುಗರು ಸಹಿ ಸಂಗ್ರಹ ಮಾಡಿದ್ರು, ಅಭಿಯಾನ ಮಾಡಿದ್ರು, ಬದಲಾಗ್ಲಿಲ್ಲ. ಯಾಕೆ ಅಂದ್ರೆ ಸ್ಟೇಷನ್ ಕ್ಲಿಯರ್ ಚಾನೆಲ್ ಅನ್ನುವ ಕಂಪನಿಯದ್ದು. ಅಲ್ಲಿ 1996ರ ಟೆಲಿಕಾಂ ಕಾಯ್ದೆ ಬರುವ ಮೊದಲು ಒಬ್ಬನಿಗೆ ದೇಶದಲ್ಲಿ ಇಷ್ಟೇ ಸ್ಟೇಷನ್ ಅಂತ ಮಿತಿ ಇತ್ತು, ಅದನ್ನು ತೆಗೆದ ಮೇಲೆ ಈ ಕಂಪನಿ ಒಂದೇ 1,200ರಷ್ಟು ಸ್ಟೇಷನ್ ಕೊಂಡ್ಕೊಂಡಿತು. ಲಿಂಬಾನ ಶೋ ಮಾರ್ತಿದ್ದದ್ದೂ ಅದರದ್ದೇ ಕಂಪನಿ. 2014ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಪ್ರಗತಿಪರ ಸ್ಟೇಷನನ್ನೂ ಅವರು ತಿರುಗಿಸಿ ಲಿಂಬಾನನ್ನೇ ತಂದು ಕೂರಿಸಿದ್ರು.

ಅದಕ್ಕೆ ನಾನು ಹೇಳುದು, ಗದ್ದೆ ಇನ್ನೊಬ್ಬನದ್ದಾದ್ರೆ ಬೆಳೆ ಎಷ್ಟು ಚೆನ್ನಾಗಿ ಬಂದ್ರೂ ಅವ ಹೇಳಿದ ದಿನ ಬಿಟ್ಟು ಏಳ್ಬೇಕು. ಏರ್ ಅಮೆರಿಕಾದವರಿಗೆ ಸ್ವಂತ ಗದ್ದೆ ಇರ್ಲೇ ಇಲ್ಲ. ನ್ಯೂಯಾರ್ಕಲ್ಲಿ 1190 ಎಎಂನ ಸಮಯ ಬಾಡಿಗೆಗೆ ತೆಗೊಂಡದ್ದು. ಶಿಕಾಗೋ, ಲಾಸ್ ಏಂಜಲೀಸಲ್ಲಿ ಶುರುವಾಗಿ ಎರಡೇ ವಾರಕ್ಕೆ ಬಾಡಿಗೆ ಜಗಳ ಆಗಿ ಸ್ಟೇಷನಿನವರು ಪ್ರಸಾರ ಕಟ್ ಮಾಡಿದ್ರು.


ಕದ್ರಿಗುಡ್ಡೆ

ನಾನು ಸ್ವಲ್ಪ ಖಾರವಾಗಿ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಎಲ್ಲ ತಪ್ಪು ಜಾಹೀರಾತುದಾರರ ಮೇಲೆ, ಮಾಲಕರ ಮೇಲೆ ಹಾಕಿದ್ರೆ ನಾವು ಕಲಿಯುದು ಎಂತದು?

ಏರ್ ಅಮೆರಿಕಾದ ಮನೆಯೊಳಗೇ ಲೆಕ್ಕ ಸರಿ ಇರ್ಲಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸಲ್ಲಿ ಗ್ಲೋರಿಯಾ ವೈಸ್ ಅಂತ ಮಕ್ಕಳ ಕ್ಲಬ್, ಬಡ ಮಕ್ಕಳಿಗೆ ಮತ್ತೆ ಮುದುಕರಿಗೆ ಅಂತ ಇದ್ದ ಸಂಸ್ಥೆ, ಅದರ 8,75,000 ಡಾಲರ್ ಈ ರೇಡಿಯೋಗೆ ಸಾಲ ಅಂತ ಬಂದದ್ದು 2005ರಲ್ಲಿ ಬಯಲಾಯ್ತು. ನೆಟ್‌ವರ್ಕಿನ ಮೊದಲ ಚೇರ್ಮನ್ನೇ ಆ ಕ್ಲಬ್ಬಲ್ಲೂ ಹುದ್ದೆಯಲ್ಲಿದ್ದವ. ಬಡವರ ಪರ ಮಾತಾಡುವ ರೇಡಿಯೋ ಬಡ ಮಕ್ಕಳ ದುಡ್ಡಲ್ಲಿ ನಡೀತು ಅಂದ್ರೆ ಎದುರು ಪಾಳಯದವರಿಗೆ ಬೇರೆ ಎಂತ ಬೇಕು? ಆಮೇಲೆ ದುಡ್ಡು ವಾಪಾಸ್ ಕೊಡುವ ಏರ್ಪಾಡು ಮಾಡಿದ್ರು, ಹೆಸರು ವಾಪಾಸ್ ಬರ್ಲಿಲ್ಲ.

ಎರಡನೇದು ರೇಡಿಯೋ ಕಸುಬು. ನಾನು ಆಕಾಶವಾಣಿಯಲ್ಲಿ ಕ್ಯಾಶುಯಲ್ ಅನೌನ್ಸರ್ ಆಗಿ ಕೆಲವು ವರ್ಷ ಮಾಡಿದ್ದೇನೆ, ಮೈಕ್ ಮುಂದೆ ಕೂತ್ರೆ ಗೊತ್ತಾಗ್ತದೆ, ಸ್ಟೇಜ್ ಬೇರೆ, ಟೀವಿ ಬೇರೆ, ರೇಡಿಯೋ ಬೇರೆ. ಲಿಂಬಾ ಹದಿಹರೆಯದಿಂದ ಮ್ಯೂಸಿಕ್ ಸ್ಟೇಷನಲ್ಲಿ ಡಿಜೆ ಆಗಿ ಸವೆದವ, ಒಬ್ಬನೇ ಮೂರು ಗಂಟೆ ಗೆಸ್ಟ್ ಇಲ್ಲದೆ ಎಳೀತಿದ್ದ. ಅವನ ಮಾತು ನನಗೆ ಒಂದಿನಿತೂ ಒಪ್ಪಿಗೆ ಇಲ್ಲ, ಆದ್ರೆ ಕಸುಬು ಕಸುಬೇ. ಏರ್ ಅಮೆರಿಕಾ ಟೀವಿ ಕಾಮಿಡಿಯಿಂದ ಹೆಸರು ತಂದು ಕೂರಿಸಿತು. ನೋಡಿ, ಉಳಿದವರು ಯಾರು? ಎಡ್ ಶುಲ್ಟ್ಸ್ ನಾರ್ತ್ ಡಕೋಟಾದ ಫಾರ್ಗೋದಲ್ಲಿ ಸ್ಪೋರ್ಟ್ಸ್ ಕಮೆಂಟರಿ ಹೇಳ್ತಿದ್ದವ, ಏರ್ ಅಮೆರಿಕಾ ಮುಗಿದ ಮೇಲೂ ಅವನ ರೇಡಿಯೋ ಶೋ 2014ರ ತನಕ ಬಂತು. ಸ್ಟೆಫನಿ ಮಿಲ್ಲರ್, ಹಾರ್ಟ್‌ಮನ್ ಇಬ್ಬರೂ ಹಳೇ ರೇಡಿಯೋ ಜನ, ಒಂದು ನೆಟ್‌ವರ್ಕಿನ ಸೆರಗು ಹಿಡ್ಕೊಳ್ಳದೆ ರೇಡಿಯೋ, ಟೀವಿ, ವಿಡಿಯೋ, ಚಂದಾ ಎಲ್ಲ ಕಡೆ ಕೈ ಹಾಕಿ ನಡೆಸಿದ್ರು. ಏರ್ ಅಮೆರಿಕಾದವರು ಮೊದಲ ದಿನವೇ ಇಡೀ ದಿನದ ಲೈನಪ್ಪು, ಮೊದಲ ದಿನದಿಂದಲೇ ಎಲ್ಲರ ಸಂಬಳ. ಲಿಂಬಾ 1988ರಲ್ಲಿ ದೇಶಕ್ಕೆಲ್ಲ ಹೊರಟಾಗ ಸ್ಟೇಷನಿಗೆ ದುಡ್ಡು ಕೇಳ್ಲಿಲ್ಲ, ಶೋ ಸುಮ್ನೆ ತೆಗೊಳ್ಳಿ, ಅದರೊಳಗೆ ಕೆಲವು ನಿಮಿಷದ ಜಾಹೀರಾತು ನಮಗೆ ಬಿಡಿ, ಉಳಿದದ್ದು ನೀವು ಮಾರಿ ಅಂದ್ರು. ಆಗ ಹಾಡೆಲ್ಲ ಎಫ್‌ಎಂಗೆ ಹೋಗಿ ಎಎಂನವರು ನೊಣ ಹೊಡೀತಾ ಇದ್ದ ಕಾಲ, ತೆಗೊಂಡ್ರು. ಅದಕ್ಕೆ ಒಂದು ವರ್ಷ ಮೊದಲು, 1987ರಲ್ಲಿ, ವಿವಾದದ ವಿಷಯಕ್ಕೆ ಎರಡೂ ಕಡೆಯವರ ಮಾತು ಹಾಕ್ಬೇಕು ಅನ್ನುವ ಫೇರ್‌ನೆಸ್ ಡಾಕ್ಟ್ರಿನ್ ನಿಯಮ ತೆಗೆದಿದ್ರು, ದಾರಿ ಖಾಲಿ. ಪ್ರಗತಿಪರರು ಹದಿನಾರು ವರ್ಷ ಬಿಟ್ಟು ಬಂದ್ರು, ಅಷ್ಟೊತ್ತಿಗೆ ಒಳ್ಳೆ ಸಿಗ್ನಲ್ ಇರುವ ಸ್ಟೇಷನೆಲ್ಲ ಭರ್ತಿ.

ಮತ್ತೆ ಅವರ ಕೇಳುಗರು ಮೊದಲೇ ಬೇರೆ ಕಡೆ ಇದ್ರು. ಎನ್‌ಪಿಆರ್ ಅಂತ 1970ರಲ್ಲಿ ಹುಟ್ಟಿದ ಸಾರ್ವಜನಿಕ ರೇಡಿಯೋ, ಜಾಹೀರಾತಿನ ಕಿರುಚಾಟ ಇಲ್ಲ, ಸಮಾಧಾನದ ದನಿ. ಓದಿಕೊಂಡ ಉದಾರವಾದಿ ಜನ ಅದನ್ನು ಬಿಟ್ಟು ಎಎಂ ಗರಗರಕ್ಕೆ ಯಾಕೆ ಬರ್ತಾರೆ?

ಅಂಬಲಪಾಡಿಯವರೇ, ನಿಮಗೆ ಒಂದು ಮಾತು. ಎಫ್‌ಎಂ ಲೈಸೆನ್ಸ್ ಕನಸು ಇದ್ರೆ ಬಿಡಿ. ನಮ್ಮ ದೇಶದಲ್ಲಿ ಪ್ರೈವೇಟ್ ಎಫ್‌ಎಂಗೆ ಸ್ವಂತ ಸುದ್ದಿ, ರಾಜಕೀಯ ಚರ್ಚೆ ಹಾಕ್ಲಿಕ್ಕೆ ಇಲ್ಲ, ಆಕಾಶವಾಣಿ ಸುದ್ದಿಯನ್ನು ಇದ್ದ ಹಾಗೆ ಹಾಕ್ಬಹುದು, ಅಷ್ಟೇ. ಕಮ್ಯುನಿಟಿ ರೇಡಿಯೋಗೂ ಹಾಗೆಯೇ. ಮಂಗಳೂರಲ್ಲಿ ಅಲೋಶಿಯಸ್ ಕಾಲೇಜಿನ ಸಾರಂಗ್ 107.8, ಮಣಿಪಾಲದಲ್ಲಿ 90.4, ಎರಡೂ ಇಲ್ಲಿಯ ಭಾಷೆಗಳ ಜನರ ದನಿಗೆ ಒಳ್ಳೆ ಜಾಗ, ಆದ್ರೆ ಅವುಗಳ ಬೆನ್ನಿಗೆ ಸಂಸ್ಥೆ ಉಂಟು. ಕಮ್ಯುನಿಟಿ ರೇಡಿಯೋದಲ್ಲಿ ಜಾಹೀರಾತಿಗೆ ಗಂಟೆಗೆ 7 ನಿಮಿಷ ಇದ್ದದ್ದು 2024ರಲ್ಲಿ 12 ನಿಮಿಷ ಆಯ್ತು, ಸರ್ಕಾರಿ ಜಾಹೀರಾತಿಗೆ ಹತ್ತು ಸೆಕೆಂಡಿಗೆ 52 ರೂ. ಇದ್ದ ದರ 74 ಆಯ್ತು. ಅದರಲ್ಲಿ ಎಷ್ಟು ಜನಕ್ಕೆ ಸಂಬಳ ಕೊಡ್ತೀರಿ ಲೆಕ್ಕ ಹಾಕಿ.


ಅಂಬಲಪಾಡಿ_ಆಡಿಯೋ

ಕದ್ರಿ ಸರ್, ಖಾರ ಇದ್ರೂ ತೊಂದರೆ ಇಲ್ಲ. ಕಸುಬಿನ ಮಾತು ನಾಟಿತು, ನಮ್ಮ ಎಪಿಸೋಡಲ್ಲಿ ಮೊದಲ ಹನ್ನೆರಡು ನಿಮಿಷ ನಾವೇ ಮೂವರು ಪೀಠಿಕೆ ಹಾಕ್ತೇವೆ, ಮೀನಿನ ಹೆಂಗಸು ಮಾತಾಡ್ಲಿಕ್ಕೆ ಶುರು ಮಾಡುವಾಗ ಜನ ಎದ್ದು ಹೋಗಿರ್ತಾರೆ ಅಂತ ಈಗ ಅನಿಸ್ತಾ ಉಂಟು.

ಆದ್ರೆ ಒಂದು ಒಪ್ಪುದಿಲ್ಲ. ಕಸುಬು, ಲೆಕ್ಕ ಎಲ್ಲ ಸರಿ ಇದ್ದ ಪೋರ್ಟ್‌ಲ್ಯಾಂಡೂ ಮುಚ್ಚಿತಲ್ಲ? ಅಂದ್ರೆ ಜಾಹೀರಾತು ನಂಬಿ ಇಂಥ ಮಾತು ಆಡ್ಲಿಕ್ಕೇ ಆಗುದಿಲ್ಲ ಅಂತ ಅಲ್ವಾ? ಕೇಳುವವರೇ ಕೊಡುವ ಮಾದರಿ ಎಲ್ಲಾದ್ರೂ ನಿಂತದ್ದು ಉಂಟಾ?


ಬ್ರಹ್ಮಾವರ_ಮೇಷ್ಟ್ರು

ಉಂಟು, ಬಿದ್ದದ್ದೂ ಉಂಟು. ದೂರ ಹೋಗುವ ಮೊದಲು ನಮ್ಮ ಊರಿನದ್ದೇ ಹೇಳ್ತೇನೆ.

1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಲ್ಲಿ ಮುಂಗಾರು ದಿನಪತ್ರಿಕೆ ಶುರು ಮಾಡಿದ್ರು. ಬೆಂಗಳೂರಲ್ಲಿ ಪ್ರಜಾವಾಣಿಯಲ್ಲಿ ಹೆಸರು ಮಾಡಿದವರು, ನಮ್ಮ ಬ್ರಹ್ಮಾವರ ಕಡೆಯ ವಡ್ಡರ್ಸೆಯವರು. ಒಬ್ಬ ಧಣಿಯ ದುಡ್ಡಲ್ಲ, ಓದುಗರಿಂದ ಪಾಲು ಬಂಡವಾಳ ಎತ್ತಿ ಮಾಡಿದ ಪೇಪರ್, ಓದುಗರೇ ಒಡೆಯರು ಅನ್ನುವ ಲೆಕ್ಕ. ಹಿಂದುಳಿದವರ, ದಲಿತರ, ಕೂಲಿಯವರ ಮಾತು ಮೊದಲ ಪುಟಕ್ಕೆ ಬರ್ತಿತ್ತು. ದಿನೇಶ್ ಅಮೀನ್ ಮಟ್ಟು ಅಂಥ ಪತ್ರಕರ್ತರು ಪಳಗಿದ್ದು ಅಲ್ಲಿ.

ನನ್ನ ಅಮ್ಮ ಬೀಡಿ ಕಟ್ಟುವವಳು, ನಾನು ಆಗ ಹೈಸ್ಕೂಲು. ಅಕ್ಕಪಕ್ಕದ ಆರೇಳು ಹೆಂಗಸರು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಬೀಡಿಯ ಮೊರ ಮಡಿಲಲ್ಲಿ ಇಟ್ಟು ಕೂತ್ಕೊಳ್ತಿದ್ರು, ಶಾಲೆ ರಜೆ ಇದ್ದ ದಿನ ನಾನು ಪೇಪರ್ ಗಟ್ಟಿಯಾಗಿ ಓದ್ಬೇಕು. ಎಲೆ ಕತ್ತರಿಸುವ ಕತ್ತರಿ ಶಬ್ದ ಒಂದೇ ಸಮ ಬರ್ತಿರ್ತದೆ, ಕೂಲಿ ವಿಷಯ ಬಂದ್ರೆ ಮಾತ್ರ ಒಂದು ಗಳಿಗೆ ನಿಲ್ತಿತ್ತು. "ಅದನ್ನ ಇನ್ನೊಂದು ಸಲ ಓದು" ಅಂತ ಯಾರಾದ್ರೂ ಹೇಳ್ತಿದ್ರು. ನನ್ನ ಪಾಲಿಗೆ ನಾನು ಕೇಳಿದ ಮೊದಲ ಟಾಕ್ ರೇಡಿಯೋ ಅದೇ, ರೇಡಿಯೋ ನಾನೇ ಆಗಿದ್ದೆ.

ಆ ಪೇಪರ್ ಹಣದ ಮುಗ್ಗಟ್ಟಲ್ಲೇ ನಿಂತಿತು. ಓದಿಸಿ ಕೇಳುವ ಆ ಆರೇಳು ಹೆಂಗಸರಿಗೆ ಸೇರಿ ಇದ್ದದ್ದು ಒಂದು ಪ್ರತಿ, ಅದೂ ಎರವಲು ತಂದದ್ದು. ಅವರಿಗೆ ಆ ಪತ್ರಿಕೆ ಬೇಕಿತ್ತು, ಆದ್ರೆ ಅವರ ಬೇಕು ಲೆಕ್ಕದ ಪುಸ್ತಕಕ್ಕೆ ಬರುದಿಲ್ಲ. ಪಾಲು ಬಂಡವಾಳ ಶುರು ಮಾಡ್ಲಿಕ್ಕೆ ಆಗ್ತದೆ, ದಿನಾ ಬೆಳಿಗ್ಗೆ ನ್ಯೂಸ್‌ಪ್ರಿಂಟ್ ತರ್ಲಿಕ್ಕೆ ಬೇರೆ ದುಡ್ಡು ಬೇಕು. ಒಂದು ಸಲ ಕೊಟ್ಟವರು ನಾವು ಕೊಟ್ಟಾಯ್ತಲ್ಲ ಅಂತ ಕೂತ್ಕೊಳ್ತಾರೆ.

ಅದೇ ಕಾಲದಲ್ಲಿ ಬೆಂಗಳೂರಿಂದ ಲಂಕೇಶ್ ಪತ್ರಿಕೆ 1980ರಿಂದ ಜಾಹೀರಾತೇ ಇಲ್ಲದೆ, ಬರೀ ಮಾರಾಟದ ದುಡ್ಡಲ್ಲಿ ನಡೀತು. ವಾರಕ್ಕೊಂದು, ಕೆಲವೇ ಜನ, ಕೊಂಡವ ಪ್ರತೀ ವಾರ ಕೈಯಿಂದ ಕೊಡ್ಬೇಕು. ನನ್ನ ದೃಷ್ಟಿಯಲ್ಲಿ ವ್ಯತ್ಯಾಸ ಇಲ್ಲಿ ಉಂಟು, ಖರ್ಚು ಸಣ್ಣದು ಮತ್ತೆ ದುಡ್ಡು ಪದೇ ಪದೇ ಬರುವಂಥದ್ದು.

ಅಮೆರಿಕದಲ್ಲೂ ಕೇಳುಗರ ದುಡ್ಡಿನ ರೇಡಿಯೋ ಹೊಸದಲ್ಲ. ಪೆಸಿಫಿಕಾ ಅನ್ನುವ ಸಂಸ್ಥೆಯವರು 1949ರಲ್ಲೇ ಬರ್ಕ್ಲಿಯಲ್ಲಿ ಕೆಪಿಎಫ್‌ಎ ಸ್ಟೇಷನ್ ಶುರು ಮಾಡಿದ್ರು, ಕೇಳುವವರ ಚಂದಾದಲ್ಲಿ, ಇಂದಿಗೂ ಉಂಟು. 1996ರಲ್ಲಿ ಪೆಸಿಫಿಕಾದಿಂದಲೇ ಪತ್ರಕರ್ತೆ ಆಮಿ ಗುಡ್‌ಮನ್ ಅವರ ಡೆಮಾಕ್ರಸಿ ನೌ ಸುದ್ದಿ ಕಾರ್ಯಕ್ರಮ ಹೊರಟದ್ದು, ಜಾಹೀರಾತಿಲ್ಲದೆ ನಡೀತಾ ಉಂಟು. ಏರ್ ಅಮೆರಿಕಾ ಹುಟ್ಟುವ ಮೊದಲೂ ಇತ್ತು, ಸತ್ತ ಮೇಲೂ ಉಂಟು. ಹಾಗಂತ ಸುಖದಲ್ಲಿ ಇಲ್ಲ, ಅದೇ ಪೆಸಿಫಿಕಾದ ನ್ಯೂಯಾರ್ಕ್ ಸ್ಟೇಷನ್ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಮೇಲಿನ ಆಂಟೆನಾ ಬಾಡಿಗೆ ಕೊಡ್ಲಿಕ್ಕಾಗದೆ 2017ರಲ್ಲಿ ಕೋರ್ಟು 18 ಲಕ್ಷ ಡಾಲರ್ ಕೊಡಿ ಅಂತ ಹೇಳಿತು.


ಹಂಪನಕಟ್ಟೆ_ಅಕ್ಕ

ಮೇಷ್ಟ್ರೇ, ಕತ್ತರಿ ನಿಲ್ಲುವ ಮಾತು ಓದಿ ಗಂಟಲು ಕಟ್ಟಿತು. ನನ್ನ ಅಜ್ಜಿಯೂ ಬೀಡಿ.

ಅಂಬಲಪಾಡಿ ತಮ್ಮಾ, ನಿನ್ನ ಖರ್ಚು ಏಳು ಸಾವಿರ ಅಂದಿ ಅಲ್ವಾ. ಟವರ್ ಇಲ್ಲ, ಬಾಡಿಗೆ ಇಲ್ಲ, ನ್ಯೂಸ್‌ಪ್ರಿಂಟ್ ಇಲ್ಲ. ತಿಂಗಳಿಗೆ ನೂರು ರೂಪಾಯಿ ಕೊಡುವ ಎಪ್ಪತ್ತು ಜನ ಸಾಕು. ನಾಲ್ಕು ಸಾವಿರದಲ್ಲಿ ಎಪ್ಪತ್ತು. ಇಪ್ಪತ್ತಮೂರು ಅಂಗಡಿ ಮೆಟ್ಟಿಲು ಹತ್ತಿದ್ದೀರಿ, ಕೇಳುವವರ ಹತ್ತಿರ ಒಂದು ಸಲ ಕೇಳಿದ್ದೀರಾ?


ಅಂಬಲಪಾಡಿ_ಆಡಿಯೋ

ಇಲ್ಲ ಅಕ್ಕ. ನಾಚಿಕೆ ಆಯ್ತು. ಕಷ್ಟದಲ್ಲಿ ಇರುವವರ ವಿಷಯ ಮಾತಾಡಿ ಕೊನೆಗೆ ನಮಗೆ ದುಡ್ಡು ಕೊಡಿ ಅಂತ ಹೇಗೆ ಹೇಳುದು ಅಂತ.


ಪೋರ್ಟ್‌ಲ್ಯಾಂಡಿಂದ_ಪಡುಬಿದ್ರಿ

ಆ ನಾಚಿಕೆ ಬಿಡ್ಬೇಕು ಮಾರಾಯ್ರೆ. ಅಲ್ಲಿ ಸಾರ್ವಜನಿಕ ರೇಡಿಯೋದವರು ವರ್ಷಕ್ಕೆ ಕೆಲವು ಸಲ ಕಾರ್ಯಕ್ರಮ ನಿಲ್ಲಿಸಿ ನೇರ ಕೇಳ್ತಾರೆ, ಪ್ಲೆಜ್ ಡ್ರೈವ್ ಅಂತ, ದಿನಗಟ್ಟಲೆ. ಕಿರಿಕಿರಿ ಆಗ್ತದೆ ಆದ್ರೂ ಜನ ಕೊಡ್ತಾರೆ. 620 ಮುಚ್ಚಿದಾಗ ನಾನು ಯೋಚಿಸಿದ್ದು ಅದೇ, ಏಳು ವರ್ಷ ದಿನಾ ಕೇಳಿದೆ, ಒಂದು ಡಾಲರ್ ಕೊಡ್ಲಿಲ್ಲ, ಕೊಡ್ಲಿಕ್ಕೆ ಯಾರೂ ಕೇಳಿಯೂ ಇರ್ಲಿಲ್ಲ. ನನ್ನದು ನೂರು ಬರ್ಕೊಳ್ಳಿ, ಈ ತಿಂಗಳಿಂದಲೇ.


ಕದ್ರಿಗುಡ್ಡೆ

ಕೊಡುದಾದ್ರೆ ನಾನೂ ಕೊಡ್ತೇನೆ, ಒಂದು ಶರ್ತ. ತಿಂಗಳ ಲೆಕ್ಕ ಎಪಿಸೋಡಲ್ಲೇ ಓದ್ಬೇಕು, ಬಂದದ್ದು ಎಷ್ಟು, ಹೋದದ್ದು ಎಲ್ಲಿಗೆ. ಬ್ರಾಂಕ್ಸ್ ಕಥೆ ನೆನಪಿರ್ಲಿ. ಮತ್ತೆ ಸಹಕಾರಿ ಸೊಸೈಟಿ, ಮೀನುಗಾರರ ಸಂಘ ಅಂತ ಸ್ಪಾನ್ಸರಿಗೆ ಹೋಗುವ ಮೊದಲು ಯೋಚನೆ ಮಾಡಿ, ನಾಳೆ ಅದೇ ಬಂದರಿನ ಹೆಂಗಸರ ಕೂಲಿ ವಿಷಯ ಬಂದಾಗ ಅವರ ಮುಖ ನೋಡ್ಬೇಕಾಗ್ತದೆ. ಹನ್ನೆರಡು ನಿಮಿಷದ ಪೀಠಿಕೆ ಒಂದೂವರೆ ನಿಮಿಷಕ್ಕೆ ಇಳಿಸಿ. ಬೇಕಾದ್ರೆ ಒಂದು ಭಾನುವಾರ ಬಂದು ಮೈಕ್ ಹೇಗೆ ಹಿಡಿಯುದು ತೋರಿಸ್ತೇನೆ, ಹಾಸಿಗೆ ಒರಗಿಸುವ ಬದಲು ಹಳೇ ಕಂಬಳಿ ಎರಡು ಪದರ ನೇತುಹಾಕಿದ್ರೆ ಇನ್ನೂ ಒಳ್ಳೇದು.


ಅಂಬಲಪಾಡಿ_ಆಡಿಯೋ

ಸರ್, ಬನ್ನಿ. ಈ ಭಾನುವಾರ ಬೀಡಿ ಪಿಎಫ್‌ನ ಎರಡನೇ ಭಾಗ ರೆಕಾರ್ಡಿಂಗ್ ಉಂಟು, ಬೆಳಿಗ್ಗೆ ಒಂಬತ್ತಕ್ಕೆ. ಮೇಷ್ಟ್ರೇ, ನೀವೂ ಬಂದು ಜಗಲಿಯ ಆ ಮಾತು ಮೈಕಲ್ಲಿ ಹೇಳ್ತೀರಾ? ಪೀಠಿಕೆ ಹಾಕುದಿಲ್ಲ, ನಿಮ್ಮಿಂದಲೇ ಶುರು ಮಾಡ್ತೇವೆ. ಈಗ ಫ್ರೆಂಡ್ಸ್ ಇಬ್ಬರಿಗೂ ಫೋನ್ ಮಾಡಿದೆ, ನಿಲ್ಲಿಸುದು ಬೇಡ, ಇನ್ನು ಆರು ತಿಂಗಳು ನೋಡುವ ಅಂತಾಯ್ತು. ಲೆಕ್ಕ ಓದುದೂ ಈ ಎಪಿಸೋಡಿಂದಲೇ.


ಬ್ರಹ್ಮಾವರ_ಮೇಷ್ಟ್ರು

ಬರ್ತೇನೆ. ಅಮ್ಮ ಇದ್ದಾರೆ, ಎಂಬತ್ತೊಂದು, ಕಿವಿ ಚೂರು ಮಂದ, ಮಾತು ಸ್ಪಷ್ಟ ಉಂಟು. ಕರ್ಕೊಂಡು ಬರ್ಲಾ? ಪಿಎಫ್ ವಿಷಯ ನನಗಿಂತ ಅವರಿಗೆ ಹೆಚ್ಚು ಗೊತ್ತು.